ಮೆಡ್ಟ್ನರ್‌ಗೆ ಮೈಸೂರಿನಲ್ಲಿ ಸಿಕ್ಕ ಕೇಳುಗ

ಪ್ರೀತಿಯ ತಮ್ಮಾ,

ನಿನ್ನ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ತೀರ್ಮಾನಕ್ಕೆ ಮಾತ್ರ ಅವಸರ ಮಾಡಿದ್ದೀಯ. ನಿಜವಾದ ಸಂಗೀತ ರಚನಕಾರ ತನಗಾಗಿಯಷ್ಟೇ ಬರೆಯುತ್ತಾನೆ, ಕೇಳುಗರಿಗಾಗಿ ಬರೆಯುವವನು ವ್ಯಾಪಾರಿ ಅಂದುಬಿಟ್ಟಿದ್ದೀಯ. ಸಾಕ್ಷಿಗೆ ಅಮೆರಿಕದ ರಚನಕಾರ ಮಿಲ್ಟನ್ ಬ್ಯಾಬಿಟ್‌ನನ್ನು ಕರೆತಂದಿದ್ದೀಯ. 1958ರ ಅವನ ಲೇಖನಕ್ಕೆ ‘ನೀವು ಕೇಳಿದರೆಷ್ಟು, ಬಿಟ್ಟರೆಷ್ಟು’ ಎನ್ನುವ ಧಾಟಿಯ ತಲೆಬರಹ ಇಟ್ಟವರು ಪತ್ರಿಕೆಯವರು, ಬ್ಯಾಬಿಟ್ ಅಲ್ಲ. ಮುಂದುವರಿದ ಗಣಿತಕ್ಕೆ ಇರುವ ವಿಶ್ವವಿದ್ಯಾಲಯದ ಆಸರೆ ಹೊಸ ಸಂಗೀತಕ್ಕೂ ಸಿಗಲಿ ಎಂಬುದು ಅವನ ಬೇಡಿಕೆ. ಬರೀ ತಲೆಬರಹ ಹಿಡಿದು ವಾದಕ್ಕೆ ಇಳಿಯಬೇಡ.

ನಿನ್ನ ಮಾತನ್ನು ಒರೆಗೆ ಹಚ್ಚಲು ನಿಕೊಲಾಯ್ ಮೆಡ್ಟ್ನರ್ ಸರಿಯಾದ ಮನುಷ್ಯ. ಮಾಸ್ಕೋದಲ್ಲಿ ಹುಟ್ಟಿದ ಪಿಯಾನೋ ವಾದಕ, ರಚನಕಾರ. 1921ರಲ್ಲಿ ರಷ್ಯಾ ಬಿಟ್ಟು, ಜರ್ಮನಿ, ಫ್ರಾನ್ಸ್ ಕಂಡು, ಕೊನೆಗೆ ಲಂಡನ್ನಿನಲ್ಲಿ ನೆಲೆನಿಂತ. ಸುತ್ತಲಿನವರು ಹೊಸ ದಾರಿ ಹಿಡಿದರೂ ಇವನು ಒಂದು ಮೂಲ ಸ್ವರದ ಸುತ್ತ ಕಟ್ಟುವ ಹಳೆಯ ಸ್ವರಬಂಧ ಬಿಡಲಿಲ್ಲ. ಜನ ಬಂದರೂ ಸರಿ, ಬಾರದಿದ್ದರೂ ಸರಿ, ತನ್ನ ಪಾಡಿಗೆ ಬರೆದ. ನಿನ್ನ ನಾಯಕನೇ ಅನ್ನು! ಆದರೆ ಅವನೇ ಬರೆದು 1935ರಲ್ಲಿ ಹೊರಬಂದ ಪುಸ್ತಕದ ತಕರಾರು ನೋಡು: ಸಂಗೀತಕ್ಕೆ ಎಲ್ಲರಿಗೂ ಸೇರಿದ ಒಂದು ಭಾಷೆಯಿದೆ, ಹೊಸಬರು ಅದನ್ನು ಕಳೆದುಹಾಕುತ್ತಿದ್ದಾರೆ ಅಂತ. ಕೇಳುಗರು ಮರೆತವನೇ ಕೇಳುಗರ ಜೊತೆ ಹಂಚಿಕೊಂಡ ಭಾಷೆಗಾಗಿ ಹಟ ಹಿಡಿದಿದ್ದ. ನೀನು ಬರೆಯಬೇಕಿದ್ದದ್ದು ಇದರ ಮೇಲೆ.

ಅವನ ಕೇಳುಗ ಇದ್ದದ್ದು ಮೈಸೂರಿನಲ್ಲಿ. ಪಿಯಾನೋ ಕಲಿತಿದ್ದ ಜಯಚಾಮರಾಜ ಒಡೆಯರ್ 1940ರಲ್ಲಿ ಪಟ್ಟಕ್ಕೆ ಬಂದಿದ್ದರು. ಆ ದಶಕದ ಕೊನೆಯಲ್ಲಿ, ಅವರು ಕೊಟ್ಟ ಹಣದಿಂದ, ಅವನ ಕೃತಿಗಳನ್ನು ಧ್ವನಿಮುದ್ರಿಸಲೆಂದು ಮೆಡ್ಟ್ನರ್ ಸೊಸೈಟಿ ಹುಟ್ಟಿತು. ವಯಸ್ಸಾಗಿ, ಆರೋಗ್ಯ ಕೆಟ್ಟಿದ್ದ ಮೆಡ್ಟ್ನರ್ ತನ್ನ ಮೂರೂ ಪಿಯಾನೋ ಕಾನ್ಸರ್ಟೋಗಳನ್ನು, ಅಂದರೆ ವಾದ್ಯವೃಂದದ ಜೊತೆ ಒಬ್ಬ ವಾದಕ ಮುಂದೆ ನಿಂತು ನುಡಿಸುವ ಕೃತಿಗಳನ್ನು, ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ ನುಡಿಸಿದ, ಎಚ್‌ಎಂವಿ ಕಂಪನಿ ಧ್ವನಿಮುದ್ರಿಸಿತು. ಮೂರನೆಯದು ಮಹಾರಾಜರಿಗೆ ಅರ್ಪಣೆ. 1951ರಲ್ಲಿ ಅವನು ತೀರಿಕೊಂಡ. ಇಷ್ಟು ದೂರದ ಕೇಳುಗನನ್ನು ಲೆಕ್ಕಹಾಕಿ ಯಾರು ತಾನೇ ಬರೆದಾರು? ಅಂದಹಾಗೆ, ಮಹಾರಾಜರೂ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದವರು. ದೇವರನ್ನು ನೆನೆದು ಕಟ್ಟಿದ ಆ ಕೃತಿಗಳು ತನಗೋ, ಸಭೆಗೋ? ನಿನ್ನ ಲೇಖನದಲ್ಲಿ ಅವಕ್ಕೆ ಜಾಗವೇ ಇಲ್ಲ.

ವ್ಯಾಪಾರಿ ಎಂಬ ಬೈಗುಳವನ್ನಂತೂ ತೆಗೆದುಬಿಡು. 1782ರ ಡಿಸೆಂಬರ್ 28ರಂದು ಮೊಜಾರ್ಟ್ ತಂದೆಗೆ ಬರೆದ ಕಾಗದದಲ್ಲಿ ತನ್ನ ಹೊಸ ಪಿಯಾನೋ ಕಾನ್ಸರ್ಟೋಗಳ ಬಗ್ಗೆ ಹೇಳುತ್ತಾನೆ: ಬಲ್ಲವರು ಮಾತ್ರ ಸವಿಯುವ ಜಾಗಗಳು ಅಲ್ಲಲ್ಲಿವೆ, ಆದರೆ ತಿಳಿಯದವರಿಗೂ ಹಿಡಿಸುತ್ತವೆ, ಯಾಕೆ ಹಿಡಿಸಿತೆಂದು ಅವರಿಗೆ ಗೊತ್ತಾಗುವುದಿಲ್ಲ. ಇದೇ ಕಾನ್ಸರ್ಟೋಗಳ ಪ್ರತಿಗಳಿಗೆ ಅವನು ವಿಯೆನ್ನಾದಲ್ಲಿ ಚಂದಾ ಎತ್ತುತ್ತಿದ್ದ. ಒಂದೇ ಪುಟದಲ್ಲಿ ಇಬ್ಬರನ್ನೂ ಕೂರಿಸಿದ್ದು ಕಸುಬಿನ ಬಲದಿಂದ. ಅದು ರಾಜಿ ಅಂತ ನನಗನ್ನಿಸುವುದಿಲ್ಲ.

ಬರೆಯುವ ಹೊತ್ತಿನಲ್ಲಿ ನಮ್ಮ ಕೈಗೆ ಸಿಗುವ ಕಿವಿ ನಮ್ಮದೊಂದೇ, ಅಷ್ಟರ ಮಟ್ಟಿಗೆ ನೀನು ಹೇಳಿದ್ದು ನಿಜ. ಸಭಿಕರ ರುಚಿಯನ್ನು ಊಹಿಸಿ ಬರೆಯುವವನು ಹೋದ ವರ್ಷದ ಸಭಿಕರಿಗೇ ಬರೆಯುತ್ತಿರುತ್ತಾನೆ. ಆದರೆ ಸ್ವರಲಿಪಿ ಬರೆದು, ತಿದ್ದಿ, ಅಚ್ಚಿಗೂ ಕೊಟ್ಟವನು ‘ಇದು ನನಗೊಬ್ಬನಿಗೇ’ ಅಂದರೆ ನಾನು ನಂಬುವುದಿಲ್ಲ. ತನಗಷ್ಟೇ ಬೇಕಿದ್ದರೆ ನುಡಿಸಿ ಎದ್ದುಹೋಗಬಹುದಿತ್ತಲ್ಲ.

ಮೆಡ್ಟ್ನರ್‌ನ ಮೂರನೆಯ ಕಾನ್ಸರ್ಟೋ, ಅವನೇ ನುಡಿಸಿದ್ದು, ಹುಡುಕಿ ಕೇಳು. ಆಮೇಲೆ ಎರಡನೆಯ ಪ್ಯಾರಾ ಹೊಸದಾಗಿ ಬರೆದು ಕಳಿಸು. ಪುರವಣಿಯವರು ಕಾಯುತ್ತಾರೆ, ನಾನು ಹೇಳುತ್ತೇನೆ.

ಇಂತಿ,
ನಿನ್ನ ಅಣ್ಣ