ಬಾಡಿಗೆಗೆ ಕೊಟ್ಟ ಖಾತೆ, ಸಿಕ್ಕಿಬಿದ್ದ ಮಣೂಕದ ರೊಕ್ಕ

ಮಾನ್ಯ ಸಂಪಾದಕರೇ,

ತಿಕೋಟಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರು ಎಕರೆ ದ್ರಾಕ್ಷಿ ಮಾಡಿಕೊಂಡಿರುವವನು ನಾನು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಮನೆಯೊಳಗಿನ ಮಾತನ್ನು ಊರ ಮುಂದೆ ಹೇಳಬೇಡವೆಂದು ಅಣ್ಣ ಆರು ತಿಂಗಳು ನನ್ನ ಕೈ ಹಿಡಿದಿದ್ದ. ಮೊನ್ನೆ ಅವನೇ ‘ಬರಿ, ಮತ್ತೊಬ್ಬರ ಮನಿಯಾರ ಉಳೀಲಿ’ ಅಂದ.

ಅಣ್ಣನ ಮಗ ಡಿಗ್ರಿ ಮುಗಿಸಿ ವಿಜಯಪುರದಲ್ಲಿ ರೂಮು ಹಿಡಿದು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ. ಪರೀಕ್ಷೆ ಮುಂದೆ ಮುಂದೆ ಹೋಗುತ್ತಿದ್ದ ಹಾಗೆ ಹುಡುಗರ ಕೈ ಮೊಬೈಲಿಗೆ ಹೋಯಿತು. ಶೇರು ಪೇಟೆಯ ಆಪ್ಷನ್ ವ್ಯವಹಾರ, ಅಂದರೆ ಗೊತ್ತಾದ ವಾಯಿದೆಯೊಳಗೆ ದರ ಏರುತ್ತದೋ ಇಳಿಯುತ್ತದೋ ಎಂದು ರೊಕ್ಕ ಹೂಡುವುದು. ಮೊದಲ ವಾರವೇ ಹನ್ನೊಂದು ಸಾವಿರ ಬಂತು. ಊರಿಗೆ ಬಂದಾಗ ನನ್ನ ಮುಂದೆ ಫೋನು ಹಿಡಿದು, ‘ಕಾಕಾ, ನೀವು ವರ್ಷಾನಗಟ್ಲೆ ಬಳ್ಳಿ ಕಾಯ್ತೀರಿ, ನಾ ಚಾ ಕುಡಿಯೂದ್ರಾಗ ಗಳಸ್ತೀನಿ ನೋಡ್ರಿ’ ಅಂದ. ನಾನೂ ನಕ್ಕೆ, ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಮೊದಲ ವಾರವೇ ಕಳೆದುಕೊಂಡಿದ್ದರೆ ಅಲ್ಲಿಗೇ ಬಿಡುತ್ತಿದ್ದನೇನೋ. ಆ ಹನ್ನೊಂದು ಸಾವಿರವೇ ಅವನನ್ನು ಕೆಡಿಸಿತು.

ಆಮೇಲೆ ಹೋಗಿದ್ದಕ್ಕೆ ಲೆಕ್ಕವಿಲ್ಲ. ರೂಮಿನ ಬಾಡಿಗೆ ಹೋಯಿತು, ಕೋಚಿಂಗ್ ಫೀ ಹೋಯಿತು, ಸಾಲ ಕೊಡುವ ಆ್ಯಪ್‌ಗಳು ಬಂದವು. ಸಾಲ ತೀರಿಸುವ ದಾರಿ ಹುಡುಕುತ್ತಿದ್ದವನಿಗೆ ಒಬ್ಬ ಪರಿಚಯದವನು ಇನ್ನೂ ಸಲೀಸಾದ ಕೆಲಸ ತೋರಿಸಿದ: ‘ನಿನ್ನ ಖಾತೆಗೆ ರೊಕ್ಕ ಬರ್ತಾವ, ಹೇಳಿದ ಖಾತೆಗೆ ದಾಟಸು, ನೂರಕ್ಕ ಎರಡು ನಿಂದು.’ ನಾಲ್ಕು ದಿನದಲ್ಲಿ ಎರಡು ಲಕ್ಷ ನಲವತ್ತು ಸಾವಿರ ಬಂದು ಹೋಯಿತು. ಇವನಿಗೆ ಉಳಿದದ್ದು 4,800 ರೂಪಾಯಿ.

ಅದೇ ಮಾರ್ಚ್ ತಿಂಗಳು. ಅಣ್ಣನಿಗೆ ಮಣೂಕವನ್ನು, ಅಂದರೆ ಒಣದ್ರಾಕ್ಷಿಯನ್ನು, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಏರಿದ ಮೇಲೆ ಮಾರುವ ಮನಸ್ಸಿತ್ತು. ಆದರೆ ಸಹಕಾರಿ ಸೊಸೈಟಿ ಸಾಲದ ವಾಯಿದೆ ತಿಂಗಳ ಕೊನೆಗೆ ಮುಗಿಯುವುದಿತ್ತು. ಐದು ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ, ನಿಜ. ಆದರೆ ವಾಯಿದೆಯೊಳಗೆ ಮುಟ್ಟಿಸಿದವರಿಗೆ ಮಾತ್ರ. ಹಾಗಾಗಿ ಒಂದಿಷ್ಟು ಮಾಲು ಮಾರಿದ. ಬ್ಯಾಂಕಿಗೆ ಅಲೆಯುವ ರಗಳೆ ಬೇಡವೆಂದು ರೊಕ್ಕವನ್ನು ಮಗನ ಖಾತೆಗೇ ಹಾಕಿಸಿದ, ನಾಲ್ಕು ಲಕ್ಷ ಅರವತ್ತು ಸಾವಿರ. ಮೂರನೆಯ ದಿನ ಖಾತೆ ಬಂದ್. ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆಯಂತೆ ತಡೆಹಿಡಿಯಲಾಗಿದೆ ಎಂದು ಬ್ಯಾಂಕಿನವರು ಹೇಳಿದರು. ಇವನ ಖಾತೆಯಿಂದ ದಾಟಿದ್ದು ಯಾರಿಗೋ ಮೋಸ ಮಾಡಿ ಕಿತ್ತುಕೊಂಡ ದುಡ್ಡು.

ವಾಯಿದೆ ತಪ್ಪಿತು, ಬಡ್ಡಿ ರಿಯಾಯಿತಿ ಹೋಯಿತು. ಅಣ್ಣ ಕೈಗಡ ತಂದು ಸೊಸೈಟಿಗೆ ಕಟ್ಟಿದ. ಭಾಷೆ ಬಾರದ ಊರಿಗೆ ತಂದೆ ಮಗ ಎರಡು ಸಲ ಹೋಗಿ ಠಾಣೆಯ ಮುಂದೆ ಕೂತು ಬಂದರು. ಮಿಕ್ಕ ರೊಕ್ಕ ಮೂರು ತಿಂಗಳಾದ ಮೇಲೆ ಬಿಡುಗಡೆಯಾಯಿತು. ಆ ಮೋಸದ ದುಡ್ಡಿನಷ್ಟೇ ಮೊತ್ತ, ಎರಡು ಲಕ್ಷ ನಲವತ್ತು ಸಾವಿರ, ಇನ್ನೂ ತಡೆಯಲ್ಲೇ ಇದೆ. ಎಲ್ಲದಕ್ಕೂ ಕಾರಣ ಆ 4,800.

ನಮ್ಮ ಹುಡುಗನೊಬ್ಬನೇ ದಡ್ಡನಲ್ಲ ಎಂಬುದು ಶೇರು ಪೇಟೆಯ ಮೇಲೆ ಕಣ್ಣಿಡುವ ಸಂಸ್ಥೆ ಸೆಬಿಯ ಲೆಕ್ಕ ಓದಿದ ಮೇಲೆ ಗೊತ್ತಾಯಿತು. 2024ರ ಮಾರ್ಚ್‌ವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಇಂಥದ್ದೇ ಇನ್ನೊಂದು ವಾಯಿದೆ ವ್ಯವಹಾರ) ಮತ್ತು ಆಪ್ಷನ್ಸ್ ಮಾಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಹೀಗೆ ವ್ಯವಹಾರ ಮಾಡುವವರಲ್ಲಿ ಮೂವತ್ತರೊಳಗಿನವರು ಒಂದೇ ವರ್ಷದಲ್ಲಿ ಶೇ 31ರಿಂದ ಶೇ 43ಕ್ಕೆ ಏರಿದ್ದರು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದರು, ಒಳ್ಳೆಯದಾಯಿತು. ಆದರೆ ಆಪ್ಷನ್ ಅಂದರೆ ಆಟವಲ್ಲ, ಕಾನೂನಿನ ಪ್ರಕಾರ ಅದು ವ್ಯವಹಾರ. ಹುಡುಗರು ಮಾತ್ರ ಅದನ್ನು ಆಟವಾಗಿಯೇ ಆಡುತ್ತಾರೆ.

ನಾನು ಅವನಿಗೆ ತಾಳ್ಮೆಯ ಉಪದೇಶ ಮಾಡಲು ಹೋಗಿದ್ದೆ. ‘ನಿಮ್ಮ ತಾಳ್ಮಿ ನಿಮಗ ಏನ್ ಕೊಟ್ಟೈತಿ ಕಾಕಾ?’ ಎಂದು ಕೇಳಿದ. ಉತ್ತರ ತಟ್ಟನೆ ಹೊಳೆಯಲಿಲ್ಲ. ಶೆಡ್ಡಿನಲ್ಲಿ ಹಣ್ಣು ಒಣಗುವಾಗ ಒಂದು ಅಕಾಲಿಕ ಮಳೆ ಬಂದರೆ ಮಣೂಕ ಕಪ್ಪಾಗುತ್ತದೆ, ಕೇಳುವವರಿರುವುದಿಲ್ಲ. ಅಂಥ ವರ್ಷಗಳನ್ನು ಅವನು ನಮ್ಮ ಮನೆಯಲ್ಲೇ ಕಂಡಿದ್ದಾನೆ. ತಾಳಿದವರಿಗೆಲ್ಲ ಬಾಳು ಬಂಗಾರವಾಯಿತೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ.

ಆದರೂ ಬಳ್ಳಿಯಿಂದ ಕಲಿತದ್ದೊಂದಿದೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡಿದ ಮೇಲೆ ಹೊಸ ಕಡ್ಡಿ ಬೆಳೆಯುತ್ತದೆ. ನಲವತ್ತರಿಂದ ಅರವತ್ತು ದಿನದೊಳಗೆ ಕಡ್ಡಿಯ ಕಣ್ಣಿನ (ಮೊಗ್ಗಿನ) ಒಳಗಡೆ ಮುಂದಿನ ಗೊನೆಯ ಬೀಜರೂಪ ಕೂಡುತ್ತದೆ. ಹೊರಗೆ ಏನೂ ಕಾಣದು. ಆ ಹೊತ್ತಿನಲ್ಲಿ ನೀರು, ಗೊಬ್ಬರ ಎಡವಿದರೆ ಅಕ್ಟೋಬರ್ ಚಾಟ್ನಿಯಲ್ಲಿ ಎಷ್ಟೇ ಔಷಧಿ ಹಚ್ಚಿದರೂ ಗೊನೆ ಬರುವಲ್ಲಿ ಬರೀ ಸುರುಳಿ ಕುಡಿ ಬರುತ್ತದೆ. ಬೆಳೆಗಾರ ಸುಮ್ಮನೆ ಕೂತು ಕಾಯುತ್ತಾನೆ ಅಂದುಕೊಂಡವನು ಈ ಎರಡು ತಿಂಗಳು ತೋಟಕ್ಕೆ ಬಂದು ನೋಡಲಿ. ಇನ್ನೊಂದು ಮಾತು: ಮಳೆಗೆ ಒಂದು ಬೆಳೆ ಹೋದರೂ ಬಳ್ಳಿ ಉಳಿಯುತ್ತದೆ, ಕೆಲಸ ಉಳಿಯುತ್ತದೆ. ವಾಯಿದೆ ಮುಗಿದ ಆಪ್ಷನ್‌ನಲ್ಲಿ ಉಳಿಯುವುದೇನು?

ತಪ್ಪು ಹುಡುಗರದ್ದಷ್ಟೇ ಅಲ್ಲ. ಒಕ್ಕಲುತನ ಮಾಡುವವನಿಗೆ ಕನ್ಯಾ ಕೊಡುವುದಿಲ್ಲ ಎನ್ನುವವರು ನಾವೇ. ಯಾರ ಮದುವೆಗೆ ಹೋದರೂ ‘ನಿಮ್ಮ ಮಗಾ ತಿಂಗಳಿಗೆ ಎಷ್ಟ್ ಎಣಸ್ತಾನ?’ ಎಂಬುದೇ ಮೊದಲ ಪ್ರಶ್ನೆ. ಮೂವತ್ತು ದಾಟುವುದರೊಳಗೆ ಕಾರು, ಮನೆ ಆಗದಿದ್ದರೆ ಹುಡುಗ ಕೆಲಸಕ್ಕೆ ಬಾರದವನು. ಜೇಬಿಲ್ಲದ ಅಂಗಿ ತೊಟ್ಟು ಬಾಳಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳು 2023ರ ಜನವರಿ 2ರಂದು ಲಿಂಗೈಕ್ಯರಾದಾಗ ಈ ಜಿಲ್ಲೆ ಹೇಗೆ ಅತ್ತಿತೆಂಬುದನ್ನು ಎಲ್ಲರೂ ಬಲ್ಲರು. ಅವರ ಫೋಟೊ ಇಲ್ಲದ ಮನೆ ನಮ್ಮ ಓಣಿಯಲ್ಲಿಲ್ಲ. ಆ ಫೋಟೊದ ಕೆಳಗೆ ಕೂತೇ ನಾವು ಮಕ್ಕಳ ದರ ಎಣಿಸುತ್ತೇವೆ.

ತಮ್ಮ ಮೂಲಕ ಕೆಲವು ವಿನಂತಿ. ಸೊಸೈಟಿಯ ವಾರ್ಷಿಕ ಸಭೆಗಳಲ್ಲಿ, ಡಿಗ್ರಿ ಕಾಲೇಜುಗಳಲ್ಲಿ ಬ್ಯಾಂಕಿನವರು, ಪೊಲೀಸರು ಅರ್ಧ ಗಂಟೆ ನಮ್ಮ ಮಾತಿನಲ್ಲೇ ಹೇಳಲಿ: ಖಾತೆ, ಎಟಿಎಂ ಕಾರ್ಡು, ಸಿಮ್ಮು ಬಾಡಿಗೆಗೆ ಕೊಡುವ ವಸ್ತುಗಳಲ್ಲ, ಹೆಸರು ಯಾರದೋ ಅವರೇ ಠಾಣೆ ಹತ್ತಬೇಕಾಗುತ್ತದೆ. ರೈತರು ಬೆಳೆಯ ರೊಕ್ಕವನ್ನು ತಮ್ಮ ಖಾತೆಗೇ ಹಾಕಿಸಿಕೊಳ್ಳಲಿ, ಮಗ ಎಷ್ಟೇ ಒಳ್ಳೆಯವನಿರಲಿ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರದಲ್ಲಿ ಇಂದಿನ ಶೇ 7.5ರ ಬಡ್ಡಿಗೆ ಹಣ ದುಪ್ಪಟ್ಟಾಗಲು 115 ತಿಂಗಳು ಬೇಕು. ನೂರು ದಿನದಲ್ಲಿ ಮಾಡಿಕೊಡುತ್ತೇವೆ ಎನ್ನುವವರನ್ನು ಆ 115ರ ಪಕ್ಕ ನಿಲ್ಲಿಸಿ ನೋಡಲಿ. ಅಂಥವರ ಜಾಹೀರಾತುಗಳನ್ನು ಯಾವ ಪತ್ರಿಕೆಯೂ ಅಚ್ಚು ಹಾಕದಿರಲಿ, ಇದು ತಮಗೂ ಸೇರಿ ಹೇಳಿದ ಮಾತು, ಕ್ಷಮೆ ಇರಲಿ. ಮೋಸ ಹೋದವರು ನಾಚಿಕೊಂಡು ಕೂರದೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ತಡಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿ ಹೋಗುತ್ತದೆ.

ಹುಡುಗ ಈಗ ಊರಲ್ಲೇ ಇದ್ದಾನೆ, ಚಾಟ್ನಿಗೆ ಬರುತ್ತಾನೆ, ರಾತ್ರಿ ಓದುತ್ತಾನೆ. ಖಾತೆ ಬಂದಾದ ದಿನದಿಂದ ನಾವು ಗಂಡಸರು ನಮ್ಮ ನಾಲ್ಕು ಲಕ್ಷ ಅರವತ್ತು ಸಾವಿರದ ಚಿಂತೆಯನ್ನೇ ಮಾಡಿದೆವು. ಒಂದು ರಾತ್ರಿ ಊಟಕ್ಕೆ ಬಡಿಸುತ್ತಿದ್ದ ವೈನಿ ತನ್ನ ಮಗನನ್ನು ಕೇಳಿದಳು: ‘ನಿನ್ನ ಖಾತೆದಾಗ ಹಾದು ಹೋದ ಆ ರೊಕ್ಕ ಯಾರ್ದಿತ್ತೋ ಯಪ್ಪಾ? ಅವರ ಮನ್ಯಾಗ ಈಗ ಏನ್ ನಡದೈತಿ?’

ಅವನು ತಟ್ಟೆ ಬಿಟ್ಟು ಎದ್ದು ಹೋದ. ಉಣ್ಣುತ್ತಿದ್ದ ನಾವಿಬ್ಬರೂ ತಲೆ ಎತ್ತಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ದ್ರಾಕ್ಷಿ ಬೆಳೆಗಾರ
ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ