ಹಳೇ ತೋಟದ ಮನೆಯಲ್ಲಿ ಒಂದು ರಾತ್ರಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಆ ಹಳೇ ತೋಟದ ಮನೆಯ ಅತಿಥಿ ಕೋಣೆ ಒಂದು ರಾತ್ರಿಗೆ ಸಿಕ್ಕಿತೆಂದು ತಿಳಿದು ಖುಷಿಯಾಯಿತು. ಹೊತ್ತು ಮುಳುಗುವ ಮೊದಲೇ ಹೋಗಿ ಸೇರಿಕೋ. ಕತ್ತಲಾದ ಮೇಲೆ ತಲುಪಿ, ಬೆಳಕು ಹರಿಯುತ್ತಲೇ ಹೊರಡುವುದಾದರೆ ಯಾವ ಲಾಡ್ಜಾದರೂ ಸಾಕು.

ಮೊದಲು ತಲೆಯೆತ್ತಿ ತೊಲೆಗಳನ್ನು ನೋಡು. ಮೈಮೇಲೆ ಸಾಲಾಗಿ ಸಣ್ಣ ಸಣ್ಣ ತಗ್ಗುಗಳಿದ್ದರೆ ಅವು ಬಾಚಿಯೆಂಬ ಬಡಗಿಯ ಹತಾರದ ಏಟು, ಕೈಯಲ್ಲಿ ಕೆತ್ತಿದ ಮರ. ಅಟ್ಟದ ಹಲಗೆಯಲ್ಲಿ ಕಮಾನಿನಂತೆ ಬಾಗಿದ ಗೀರುಗಳಿದ್ದರೆ ದುಂಡು ಗರಗಸದ ಮಿಲ್ಲಿನಲ್ಲಿ ಕೊಯ್ದದ್ದು. ಆ ಗರಗಸ ಎಲ್ಲೆಡೆ ಹಬ್ಬಿದ್ದು 19ನೇ ಶತಮಾನದಲ್ಲಿ. ಹೊರಗೆ ‘300 ವರ್ಷದ ಮನೆ’ ಎಂಬ ಫಲಕವಿದ್ದರೂ ಹಲಗೆ ಬೇರೆ ಮಾತು ಹೇಳೀತು. ಮೋಸವೇನಲ್ಲ; ಜನ ಬಾಳಿದ ಮನೆ ರಿಪೇರಿಯಾಗುತ್ತಲೇ ಇರುತ್ತದೆ.

ಎರಡಡಿ ದಪ್ಪದ ಕಲ್ಲುಗೋಡೆ ಬಿಸಿಲು ಹೀರಿದರೂ ಶಾಖ ಒಳಕ್ಕೆ ದಾಟಲು ಹಲವು ಗಂಟೆ ಬೇಕು. ಅದಕ್ಕೇ ಮಧ್ಯಾಹ್ನ ತಂಪು, ರಾತ್ರಿ ಬೆಚ್ಚಗೆ. ಗೋಡೆಯ ಬುಡದಲ್ಲಿ ತೇವ, ಬಿಳಿ ಉಪ್ಪಿನ ಪುಡಿ ಕಂಡರೆ ಹಳೇ ಮೇಸ್ತ್ರಿಯನ್ನು ಬೈಯಬೇಡ. ಎಷ್ಟೋ ಸಲ ಅದು ಆಮೇಲೆ ಯಾರೋ ಬಳಿದ ಸಿಮೆಂಟಿನ ಕೆಲಸ. ಸುಣ್ಣದ ಗಾರೆಯಾದರೆ ನೆಲದಿಂದ ಏರಿದ ತೇವ ಹೊರಗೆ ಆರಿಹೋಗುತ್ತದೆ. ಸಿಮೆಂಟು ಅದನ್ನು ಗೋಡೆಯೊಳಗೇ ಕೂಡಿಹಾಕುತ್ತದೆ. ಅಪ್ಪನ ಹಳೇ ರಾಗ ಶುರುವಾಯಿತು ಎನ್ನುತ್ತೀಯ, ಎನ್ನು.

ಮಧ್ಯರಾತ್ರಿ ಮಾಡಿನಲ್ಲಿ ಲಟ್ ಲಟ್ ಎಂದರೆ ಹೆದರಬೇಡ. ಹಗಲು ಬಿಸಿಯಾದ ಮರ ತಣ್ಣಗಾಗಿ ಕುಗ್ಗುವಾಗ ಕೀಲುಗಳು ಸದ್ದು ಮಾಡುತ್ತವೆ. ಓಡಾಡುವ ಸದ್ದಾದರೆ ಇಲಿ. ನಿದ್ದೆ ಹೋಯಿತೆಂದರೆ ಎದ್ದು ಅಂಗಳಕ್ಕೆ ಬಾ, ಫೋನು ಒಳಗೇ ಇರಲಿ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20–30 ನಿಮಿಷ ಬೇಕು. ಒಮ್ಮೆ ಪರದೆ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು.

ಇನ್ನೊಂದು ಮಾತು ಮಾತ್ರ ತಪ್ಪದೆ ಕೇಳು. ಚಳಿಯೆಂದು ಕೋಣೆಯೊಳಗೆ ಕೆಂಡ ತಂದಿಟ್ಟುಕೊಂಡು ಮಲಗಬೇಡ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇನ್ನೊಂದು ಕಂಬಳಿ ಕೇಳಿ ಪಡೆ.

ಮನೆಯವರು ಬಿಡುವಾಗಿದ್ದರೆ ಯಾವ ಭಾಗ ಮೊದಲು ಕಟ್ಟಿದ್ದು, ಯಾವುದು ಆಮೇಲೆ ಸೇರಿದ್ದು ಎಂದು ಕೇಳು. ಅತಿಥಿ ಕೋಣೆ ಮೊದಲು ಕೊಟ್ಟಿಗೆಯೋ ಕಣಜವೋ ಆಗಿದ್ದಿರಬಹುದು. ಬಾಗಿಲಿನ ಅಗಲ ನೋಡಿದರೆ ನಿನಗೇ ಸುಳಿವು ಸಿಗುತ್ತದೆ. ತೊಲೆಯ ಫೋಟೋ ಹತ್ತಿರದಿಂದ ತೆಗೆದು ಕಳಿಸು, ಪಕ್ಕದಿಂದ ಬೆಳಕು ಬಿಟ್ಟು. ಇಲ್ಲದಿದ್ದರೆ ಬಾಚಿಯ ಗುರುತು ಕಾಣುವುದಿಲ್ಲ.

ಇಂತಿ ನಿನ್ನ
ಅಪ್ಪ