ಪೇಟೆಯ ಚಿತ್ರಕ್ಕೆ ಪಿಟೀಲಿನ ಅಳು ಏಕೆ?

ಮಾನ್ಯರೇ,

ಕಾಸರಗೋಡಿನ ಹಳೆ ಬಸ್ ನಿಲ್ದಾಣ, ಮೀನು ಮಾರುಕಟ್ಟೆ, ತಳಂಗರೆಯ ಟೊಪ್ಪಿ ಹೊಲಿಯುವ ಕೈಗಳು ಎಲ್ಲವನ್ನೂ ನಮ್ಮ ಹುಡುಗರು ಮೊಬೈಲಿನಲ್ಲಿ ಚೆನ್ನಾಗಿಯೇ ಸೆರೆಹಿಡಿಯುತ್ತಿದ್ದಾರೆ. ಆದರೆ ಅದಕ್ಕೆ ಅಂಟಿಸುವ ಸಂಗೀತ? ಮೀನು ಮಾರುವ ಹೆಂಗಸು ಬೆವರೊರೆಸಿಕೊಳ್ಳುವ ಚಿತ್ರಕ್ಕೆ ಪಿಟೀಲಿನ ಅಳು! ಆಕೆ ಆಗ ಗಿರಾಕಿಯೊಂದಿಗೆ ಚೌಕಾಸಿ ಮಾಡುತ್ತ ನಗುತ್ತಿದ್ದಳು. ಆ ಗಿರಾಕಿ ನಾನೇ. (ಬಂಗುಡೆಯ ದರ ಇಳಿಯಲಿಲ್ಲ, ಬಿಡಿ.)

ಒಂದೇ ಬೀದಿಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಕೇಳಿಸುವ ಊರು ನಮ್ಮದು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯೂ ದೂರವಿಲ್ಲ. ಚೆಂಡೆ, ಮಾಪಿಳ್ಳೆ ಹಾಡು, ಬಸ್ ನಿರ್ವಾಹಕನ ಸೀಟಿ ಇರುವಾಗ ಎರವಲು ರಾಗವೇಕೆ? ಚಿತ್ರ ತೆಗೆದ ಜಾಗದಲ್ಲೇ ಅರ್ಧ ನಿಮಿಷ ಸದ್ದನ್ನೂ ಮುದ್ರಿಸಿಕೊಳ್ಳಲಿ. ಹಾಗೆಯೇ, ಯಾರದಾದರೂ ಮುಖ ಸೆರೆಹಿಡಿಯುವಾಗ ಅವರನ್ನು ಒಂದು ಮಾತು ಕೇಳಲಿ.

ಓದುಗ, ಕಾಸರಗೋಡು